ಕ್ಯಾನನ್ ಆರ್50, ನಿಕಾನ್ ಝಡ್50-2: ಹಕ್ಕಿಗೆ ಯಾವುದು, ಯಕ್ಷಗಾನಕ್ಕೆ ಯಾವುದು?

ಮೊದಲ ಮಿರರ್‌ಲೆಸ್ ಕ್ಯಾಮೆರಾ ಕೊಳ್ಳಲು ಹೊರಟವರ ಪಟ್ಟಿಯಲ್ಲಿ ಕೊನೆಗೆ ಉಳಿಯುವುದು ಹೆಚ್ಚಾಗಿ ಈ ಎರಡು: 2023ರಲ್ಲಿ ಬಂದ ಕ್ಯಾನನ್ ಇಒಎಸ್ ಆರ್50, 2024ರ ನವೆಂಬರಿನಲ್ಲಿ ಬಂದ ನಿಕಾನ್ ಝಡ್50ರ ಎರಡನೇ ಆವೃತ್ತಿ (ಮುಂದೆ ಝಡ್50-2 ಎನ್ನೋಣ). ಎರಡರಲ್ಲೂ ಎಪಿಎಸ್-ಸಿ ಸೆನ್ಸರ್ (35 ಎಂಎಂ ಫಿಲ್ಮ್ ಚೌಕಟ್ಟಿಗಿಂತ ಚಿಕ್ಕದಾದ, ಬೆಳಕು ಹಿಡಿಯುವ ಫಲಕ), ಹೊರಕ್ಕೆ ತೆರೆದು ತಿರುಗುವ ಪರದೆ, ಪುಟ್ಟ ಪಾಪ್-ಅಪ್ ಫ್ಲ್ಯಾಶ್, ಒಂದೇ ಎಸ್‌ಡಿ ಕಾರ್ಡ್ ಜಾಗ. ಬಾಡಿಯೊಳಗೆ ಸ್ಟೆಬಿಲೈಸೇಶನ್ (ಕೈನಡುಕ ತಡೆಯುವ ವ್ಯವಸ್ಥೆ) ಎರಡರಲ್ಲೂ ಇಲ್ಲ. ಹಾಗಿದ್ದೂ ಒಂದರ ಕೆಲಸ ಇನ್ನೊಂದರಿಂದ ಆಗುವುದಿಲ್ಲ. ಏನನ್ನು ತೆಗೆಯಲು ಹೊರಟಿದ್ದೀರಿ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಿ.

ಮೆಗಾಪಿಕ್ಸೆಲ್ ಲೆಕ್ಕವನ್ನು ಬದಿಗಿಡಿ. ಆರ್50ರದ್ದು 24.2, ಝಡ್50-2ರದ್ದು 20.9. ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಿದರೆ ಮೊದಲನೆಯದರ ಚಿತ್ರ 20 ಇಂಚು ಅಗಲ, ಎರಡನೆಯದರದ್ದು ಹದಿನೆಂಟೂವರೆ ಇಂಚು. ಗೋಡೆಗೆ ತೂಗುಹಾಕಿದ ಮೇಲೆ ಈ ಒಂದೂವರೆ ಇಂಚನ್ನು ಯಾರೂ ಅಳೆಯುವುದಿಲ್ಲ.

ಕೈಗೆ ಸಿಕ್ಕಾಗ

ಬ್ಯಾಟರಿ, ಕಾರ್ಡ್ ಸೇರಿ ಆರ್50 ತೂಗುವುದು ಸುಮಾರು 375 ಗ್ರಾಂ, ಝಡ್50-2 ಸುಮಾರು 550 ಗ್ರಾಂ. ದಿನವಿಡೀ ಊರು ಸುತ್ತುವವರಿಗೆ ಈ 175 ಗ್ರಾಂ ಹಗುರ ವರದಾನ. ಅದೇ ಆರ್50ಕ್ಕೆ 635 ಗ್ರಾಂನ 100-400 ಎಂಎಂ ಲೆನ್ಸ್ ಹಾಕಿ ನೋಡಿ. ಮುಂಭಾರ ಜಗ್ಗುತ್ತದೆ, ಚಿಕ್ಕ ಹಿಡಿಕೆಯಲ್ಲಿ ಕಿರುಬೆರಳಿಗೆ ಜಾಗವೇ ಇರುವುದಿಲ್ಲ. ಝಡ್50-2ರ ಆಳವಾದ ಹಿಡಿಕೆ ಇಂಥ ಲೆನ್ಸಿಗೆಂದೇ ಮಾಡಿದಂತಿದೆ.

ತೂಕಕ್ಕಿಂತ ದೊಡ್ಡ ವ್ಯತ್ಯಾಸ ಡಯಲ್‌ಗಳದ್ದು. ಝಡ್50-2ರಲ್ಲಿ ಎರಡು: ಹೆಬ್ಬೆರಳಿಗೊಂದು, ತೋರುಬೆರಳಿಗೊಂದು. ಮ್ಯಾನುಯಲ್ ಮೋಡ್‌ನಲ್ಲಿ ಶಟರ್ (ಬೆಳಕು ಬೀಳುವ ಹೊತ್ತು) ಒಂದು ಕಡೆ, ಅಪರ್ಚರ್ (ಲೆನ್ಸಿನ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಇನ್ನೊಂದು ಕಡೆ. ಆರ್50ರಲ್ಲಿ ಒಂದೇ ಡಯಲ್. ಅಪರ್ಚರ್ ಬದಲಿಸಬೇಕೆಂದರೆ ಮೊದಲು ಒಂದು ಗುಂಡಿ ಒತ್ತಬೇಕು. ಆಟೊ ಮೋಡ್‌ನಲ್ಲೇ ತೆಗೆಯುವವರಿಗೆ ಇದು ಗಮನಕ್ಕೂ ಬಾರದು. ಬೆಳಕು ಗಳಿಗೆಗೊಮ್ಮೆ ಬದಲಾಗುವ ಕಡೆ ಮಾತ್ರ ಇದೇ ಚಿತ್ರ ತಪ್ಪಿಸುತ್ತದೆ.

ಹಕ್ಕಿ, ಕಂಬಳ: ಓಡುವುದೂ ಹಾರುವುದೂ

ಇಲ್ಲಿ ನಮ್ಮ ಮತ ಸ್ಪಷ್ಟವಾಗಿ ಝಡ್50-2ರ ಕಡೆ. ಕಾರಣ ಬಫರ್, ಅಂದರೆ ಕಾರ್ಡಿಗೆ ಬರೆಯುವ ಮೊದಲು ಚಿತ್ರಗಳು ತಂಗುವ ಒಳಸ್ಮೃತಿ. ಆರ್50 ಸೆಕೆಂಡಿಗೆ 12 ಫ್ರೇಮ್ ತೆಗೆಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುವುದು ನಿಜವೇ. ಆದರೆ ರಾ ಫೈಲ್ (ಸೆನ್ಸರಿನ ಮಾಹಿತಿಯನ್ನು ಹಾಗೆಯೇ ಉಳಿಸುವ ದೊಡ್ಡ ಫೈಲ್) ಆಯ್ದುಕೊಂಡರೆ ಸುಮಾರು ಏಳು ಫ್ರೇಮ್‌ಗೆ ಉಸಿರು ಕಟ್ಟುತ್ತದೆ. ಲೆಕ್ಕ ಹಾಕಿ, ಒಂದು ಸೆಕೆಂಡೂ ಆಗಲಿಲ್ಲ. ಮಿಂಚುಳ್ಳಿ ನೀರಿಗೆ ಧುಮುಕಿ ಮೀನು ಕಚ್ಚಿ ಮೇಲೇಳುವ ಹೊತ್ತಿಗೆ ಕ್ಯಾಮೆರಾ ಕಾರ್ಡಿಗೆ ಬರೆಯುವುದರಲ್ಲೇ ಮುಳುಗಿರುತ್ತದೆ. ಆರ್50 ಈಗಾಗಲೇ ಕೈಯಲ್ಲಿದ್ದರೆ ಫೈಲ್ ಬಗೆಯನ್ನು ಸಿ-ರಾ (ಕುಗ್ಗಿಸಿದ ರಾ) ಮಾಡಿ, ಫ್ರೇಮ್‌ಗಳು ಹೆಚ್ಚುಕಡಿಮೆ ದುಪ್ಪಟ್ಟಾಗುತ್ತವೆ. ಜೆಪೆಗ್ ಸಾಕು ಎನ್ನುವುದಾದರೆ ಮೂರು ಸೆಕೆಂಡಿಗೂ ಹೆಚ್ಚು ಹೊತ್ತು ಓಡುತ್ತದೆ. ಗುಂಡಿಯನ್ನು ಒತ್ತಿಹಿಡಿಯದೆ ಮೂರ್ಮೂರು ಫ್ರೇಮ್‌ನ ಚಿಕ್ಕ ಕಂತುಗಳಲ್ಲಿ ತೆಗೆಯುವುದನ್ನು ರೂಢಿಸಿಕೊಳ್ಳಿ.

ಝಡ್50-2 ಸೆಕೆಂಡಿಗೆ 11 ಫ್ರೇಮ್‌ವರೆಗೆ ಹೋಗುತ್ತದೆ, ಯುಎಚ್‌ಎಸ್-2 ಎಂಬ ಹೆಚ್ಚು ವೇಗದ ಕಾರ್ಡ್ ಹಾಕಿದರೆ ಹಲವು ಸೆಕೆಂಡ್ ತಡೆಯಿಲ್ಲದೆ ಓಡುತ್ತದೆ. ಆರ್50 ಓದುವುದು ಯುಎಚ್‌ಎಸ್-1 ವೇಗದಲ್ಲಿ ಮಾತ್ರ, ಅದಕ್ಕೆ ದುಬಾರಿ ಯುಎಚ್‌ಎಸ್-2 ಕಾರ್ಡ್ ಕೊಳ್ಳುವುದು ದುಡ್ಡು ದಂಡ. ಹಕ್ಕಿಯನ್ನು ಎರಡೂ ಗುರುತಿಸುತ್ತವೆ. ಝಡ್50-2ರಲ್ಲಿ ಹಕ್ಕಿಗೆಂದೇ ಬೇರೆ ಆಯ್ಕೆ ಇದೆ. ರೆಂಬೆಕೊಂಬೆಗಳ ನಡುವೆ ಕೂತಾಗ ಸಾಮಾನ್ಯ 'ಪ್ರಾಣಿ' ಬದಲು ಅದನ್ನೇ ಆರಿಸಿ.

ಅದರಲ್ಲಿ ಪ್ರೀ-ರಿಲೀಸ್ ಕ್ಯಾಪ್ಚರ್ ಎಂಬ ಸೌಲಭ್ಯವೂ ಇದೆ. ಗುಂಡಿಯನ್ನು ಅರ್ಧ ಒತ್ತಿ ಕಾದಿದ್ದರೆ, ಪೂರ್ತಿ ಒತ್ತುವುದಕ್ಕೆ ಒಂದು ಸೆಕೆಂಡ್ ಹಿಂದಿನ ಚಿತ್ರಗಳೂ ದಾಖಲಾಗುತ್ತವೆ. ಕಂಬಳದ ಕನೆಹಲಗೆ ವಿಭಾಗದಲ್ಲಿ ನೀರು ಮೇಲೆ ಕಟ್ಟಿದ ನಿಶಾನೆಗೆ ಚಿಮ್ಮುವ ಕ್ಷಣಕ್ಕೆ ಹೇಳಿಮಾಡಿಸಿದ್ದು. ಹೀಗೆ ಸಿಗುವುದು ಜೆಪೆಗ್ ಮಾತ್ರ. ಇದು ನಡೆಯುವುದು ಎಲೆಕ್ಟ್ರಾನಿಕ್ ಶಟರ್‌ನಲ್ಲಿ; ಅದು ಸೆನ್ಸರನ್ನು ಸಾಲುಸಾಲಾಗಿ ಓದುವುದರಿಂದ ಪಕ್ಕಕ್ಕೆ ಓಡುವ ಕೋಣದ ಕಾಲು ಓರೆಯಾಗುತ್ತದೆ, ಕ್ಯಾಮೆರಾ ತಿರುಗಿಸುತ್ತ ತೆಗೆದರೆ ಹಿಂದಿನ ಕಂಬಗಳು ವಾಲುತ್ತವೆ. ಕೋಣಗಳು ನಿಮ್ಮೆದುರಿಗೇ ಬರುವ ಕಡೆ ನಿಂತು ಇದನ್ನು ಬಳಸಿ, ಕರೆಯ (ಕೋಣ ಓಡುವ ಕೆಸರು ಗದ್ದೆಯ) ಬದಿಯಲ್ಲಿದ್ದರೆ ಮೆಕ್ಯಾನಿಕಲ್ ಶಟರ್‌ಗೆ ಬನ್ನಿ. ಕಂಬಳಕ್ಕೆ ಶಟರ್ 1/1600 ಇಡಿ, 1/1000ಕ್ಕಿಂತ ಇಳಿಸಬೇಡಿ. ಕೆಸರು ಹನಿ ಗಾಜಿಗೆ ಬಿದ್ದರೆ ಒಣ ಬಟ್ಟೆಯಲ್ಲಿ ಉಜ್ಜಬಾರದು, ಮರಳಿನ ಕಣ ಗೀರುತ್ತದೆ. ಮೊದಲು ಊದಿ, ಆಮೇಲೆ ಒದ್ದೆ ಲೆನ್ಸ್ ಟಿಶ್ಯೂವಿನಲ್ಲಿ ಎತ್ತಿ ತೆಗೆಯಿರಿ.

ಲೆನ್ಸ್ ಉದ್ದದ ವಿಷಯ. ಝಡ್50-2 ಜೊತೆ ಸಿಗುವ 50-250 ಎಂಎಂ ಲೆನ್ಸ್ 35 ಎಂಎಂ ಫಿಲ್ಮ್ ಲೆಕ್ಕದಲ್ಲಿ 375 ಎಂಎಂನಷ್ಟು ಹತ್ತಿರ ತರುತ್ತದೆ, ತುದಿಯಲ್ಲಿ ಎಫ್/6.3. ಆರ್50ರ 55-210 ಎಂಎಂ 336ರಷ್ಟು, ಎಫ್/7.1. ರಂಗನತಿಟ್ಟಿನ ದೋಣಿ ನಡುಗಡ್ಡೆಗಳ ಹತ್ತಿರವೇ ಸಾಗುತ್ತದೆ, ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಮರದಲ್ಲೇ ಗೂಡು ಕಟ್ಟುತ್ತವೆ; ಈ ಎರಡು ಕಡೆ 250 ಎಂಎಂ ಸಾಕು. ದೋಣಿ ಅಲುಗುವುದರಿಂದ ಕೂತ ಹಕ್ಕಿಗೂ 1/1000 ಬೇಕು. ಕಪ್ಪು ಎಲೆಗಳ ಮುಂದೆ ಬಿಳಿ ಹಕ್ಕಿ ಇದ್ದಾಗ ಬೆಳಕಳೆಯುವ ಮೀಟರ್ ಮೋಸ ಹೋಗಿ ರೆಕ್ಕೆಯ ಗೆರೆಗಳೆಲ್ಲ ಬೆಳ್ಳಗೆ ಅಳಿಸಿಹೋಗುತ್ತವೆ, ಎಕ್ಸ್‌ಪೋಶರ್ −0.7ಕ್ಕೆ ಇಳಿಸಿ. ಕಾಡಿನ ಚಿಕ್ಕ ಹಕ್ಕಿಗಳಿಗೆ 250 ಸಾಲದು. ಆಗ ಕ್ಯಾನನ್ ಬಳಿಯಿರುವ 100-400 ಎಂಎಂ (640ರಷ್ಟು) ಹಗುರವೂ ಹೌದು, ನಿಕಾನ್‌ನ 180-600ಕ್ಕಿಂತ ಎಷ್ಟೋ ಅಗ್ಗವೂ ಹೌದು. ಹಗಲಿನಲ್ಲಿ ಕೂತ ಹಕ್ಕಿಗಳನ್ನೇ ತೆಗೆಯುವವರು ಇದನ್ನು ಯೋಚಿಸಬೇಕು.

ಯಕ್ಷಗಾನ

ರಾತ್ರಿಯ ರಂಗಸ್ಥಳದಲ್ಲಿ ಬಾಡಿಗಿಂತ ಲೆನ್ಸ್ ದೊಡ್ಡದು. 50 ಎಂಎಂ ಎಫ್/1.8 ಲೆನ್ಸಿನಲ್ಲಿ 1/320ಕ್ಕೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 1600 ಸಾಕಾಗುವ ಬೆಳಕಿದೆ ಎನ್ನೋಣ. ಅದೇ ಬೆಳಕಿನಲ್ಲಿ ಎಫ್/6.3 ಜೂಮ್ ಹಾಕಿದರೆ ಹನ್ನೆರಡು ಪಟ್ಟು ಹೆಚ್ಚು ಬೇಕು, ಅಂದರೆ ಐಎಸ್ಒ ಸುಮಾರು 20,000. ವೇಷದ ಜರಿ, ಮುಖವರ್ಣಿಕೆಯ ಸಣ್ಣ ಚುಕ್ಕಿಗಳೆಲ್ಲ ನಾಯ್ಸ್‌ನಲ್ಲಿ (ಚಿತ್ರದ ಕಾಳುಕಾಳು ಕಲೆಗಳಲ್ಲಿ) ಕಲಸಿಹೋಗುತ್ತವೆ. ಯಾವ ಬಾಡಿ ಕೊಂಡರೂ ಜೊತೆಗೇ ಬರುವ ಕಿಟ್ ಲೆನ್ಸಿನಲ್ಲಿ ಯಕ್ಷಗಾನ ತೆಗೆಯಲು ಹೋಗಬೇಡಿ.

ಆರ್50ಕ್ಕೆ 160 ಗ್ರಾಂನ ಆರ್‌ಎಫ್ 50 ಎಂಎಂ ಎಫ್/1.8 ಇದೆ, ಈ ಮೌಂಟ್‌ನ (ಲೆನ್ಸ್ ಕೂರುವ ಬಾಯಿಯ) ಅತಿ ಅಗ್ಗದ ಲೆನ್ಸ್‌ಗಳಲ್ಲಿ ಒಂದು. ನಿಕಾನ್‌ನಲ್ಲಿ ಕಡಿಮೆ ದುಡ್ಡಿಗೆ ಸಿಗುವುದು 40 ಎಂಎಂ ಎಫ್/2. ಮುಂದಿನ ಸಾಲಿನಲ್ಲಿ ಕೂತರೆ ಅದೂ ನಡೆಯುತ್ತದೆ. ಸಿಗ್ಮಾದ 56 ಎಂಎಂ ಎಫ್/1.4 ಎರಡೂ ಮೌಂಟ್‌ಗೆ ಲಭ್ಯ, ಬಜೆಟ್ ಒಗ್ಗಿದರೆ ಅದೇ ಮೊದಲ ಆಯ್ಕೆ.

ಸೆಟ್ಟಿಂಗ್ ಹೀಗಿರಲಿ: ಮ್ಯಾನುಯಲ್ ಮೋಡ್, ಅಪರ್ಚರ್ ಎಫ್/2, ಶಟರ್ ಮಾತುಗಾರಿಕೆಯ ಹೊತ್ತಿಗೆ 1/200, ಕುಣಿತಕ್ಕೆ 1/320, ದಿಗಿಣಕ್ಕೆ (ಹಾರಿ ಸುತ್ತುವ ಕುಣಿತ) 1/500, ಐಎಸ್ಒ ಆಟೊ, ಗರಿಷ್ಠ ಮಿತಿ 6400. ಚಂಡೆಯ ಪೆಟ್ಟು ಏರುತ್ತಿದ್ದಂತೆ ಹೆಬ್ಬೆರಳು ತಾನಾಗಿ ಡಯಲ್ ತಿರುಗಿಸಬೇಕು; ಝಡ್50-2ರ ಎರಡು ಡಯಲ್ ಇಲ್ಲಿ ಬೆಲೆ ಬಾಳುತ್ತವೆ. ಬಣ್ಣದ ವೇಷದ ದಟ್ಟ ಮುಖವರ್ಣಿಕೆಯಲ್ಲಿ ಕಣ್ಣು ಗುರುತಿಸುವ ಫೋಕಸ್ ತಪ್ಪಿ ಕಿರೀಟಕ್ಕೋ ಎದೆಪದಕಕ್ಕೋ ಅಂಟಿಕೊಳ್ಳುವುದುಂಟು. ಆಗ ಗುರುತಿಸುವಿಕೆಯನ್ನು ಆಫ್ ಮಾಡಿ, ಒಂದೇ ಬಿಂದುವನ್ನು ಮುಖದ ಮೇಲಿಡಿ. ಕೆಂಪು ಎಲ್‌ಇಡಿ ಬಿದ್ದಾಗ ಬರೀ ಬಿಳಿ ಹಿಸ್ಟೋಗ್ರಾಮ್ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನಂಬಬೇಡಿ. ಮೂರು ಬಣ್ಣದ ಹಿಸ್ಟೋಗ್ರಾಮ್‌ನಲ್ಲಿ ಕೆಂಪು ಬಲಗೋಡೆಗೆ ಬಡಿದಿದ್ದರೆ ಬೆಳಕನ್ನು ಒಂದು ಸ್ಟಾಪ್ (ಅರ್ಧಕ್ಕೆ) ಕಡಿಮೆ ಮಾಡಿ, ಇಲ್ಲವಾದರೆ ಕೆಂಪು ಪಟ್ಟೆಯೆಲ್ಲ ಗೆರೆಯಿಲ್ಲದ ಬಣ್ಣದ ಮುದ್ದೆಯಾಗುತ್ತದೆ.

ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸೋಣ ಎನಿಸುವುದು ಸಹಜ. ಎಲ್‌ಇಡಿ ಬೆಳಕಿನಲ್ಲಿ ಅದು ಚಿತ್ರಕ್ಕೆ ಅಡ್ಡಪಟ್ಟಿ ಎಳೆಯುತ್ತದೆ. ಚಂಡೆ ಮದ್ದಳೆಯ ನಡುವೆ ಶಟರ್ ಸದ್ದು ಯಾರಿಗೂ ಕೇಳದು.

ಬೆಳಗಿನವರೆಗಿನ ಆಟಕ್ಕೆ ಎರಡು ಹೆಚ್ಚುವರಿ ಬ್ಯಾಟರಿ ಬೇಕೇ ಬೇಕು.

ಗುಡಿ, ಶಿಲ್ಪ, ಬೆಟ್ಟ

ಬೇಲೂರು, ಸೋಮನಾಥಪುರದ ನವರಂಗದಲ್ಲಿ ಹಿಂದೆ ಸರಿಯಲು ಜಾಗವಿರುವುದಿಲ್ಲ. ನಿಕಾನ್ ಕಿಟ್ ಲೆನ್ಸ್ 16 ಎಂಎಂನಿಂದ ಶುರು, ಅಂದರೆ ಅದೇ ಫಿಲ್ಮ್ ಲೆಕ್ಕದಲ್ಲಿ 24ರ ನೋಟ. ಕ್ಯಾನನ್‌ನದ್ದು 18ರಿಂದ, 29ರ ನೋಟ. ಕಾಗದದ ಮೇಲೆ ಸಣ್ಣದಾದ ಈ ಅಂತರದಲ್ಲಿ ಒಂದು ಇಡೀ ಕಂಬ ಒಳಗೆ ಬರುತ್ತದೆ ಅಥವಾ ಹೊರಗುಳಿಯುತ್ತದೆ. ನಿಕಾನ್ ಲೆನ್ಸ್ ಅಗಲ ತುದಿಯಲ್ಲಿ ಎಫ್/3.5, ಕ್ಯಾನನ್ ಎಫ್/4.5. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕು, ಕೈಯಲ್ಲೇ ತೆಗೆಯಬೇಕಾಗುತ್ತದೆ. ಲೆನ್ಸಿನ ಸ್ಟೆಬಿಲೈಸೇಶನ್ ಆನ್ ಮಾಡಿ, ಕಂಬಕ್ಕೆ ಒರಗದೆ ಮೊಣಕೈ ಎದೆಗೊತ್ತಿ, 1/15ರಲ್ಲಿ ಮೂರ್ನಾಲ್ಕು ತೆಗೆದರೆ ಒಂದಾದರೂ ಚೂಪಾಗಿ ಬರುತ್ತದೆ. ಹೊರಗಿನ ಬೆಟ್ಟಗುಡ್ಡ, ಹಂಪಿಯ ಬಂಡೆಗಳಿಗೆ ಎಫ್/8ರಲ್ಲಿ ಎರಡೂ ಒಂದೇ. ಹೊತ್ತು ಹತ್ತುವವರಿಗೆ ಆರ್50 ಹಿತ.

ಫ್ಲ್ಯಾಶ್ ಬಳಸುವವರು ನಿಂತು ಓದಿ

ಆರ್50ರ ಮೇಲಿರುವ ಶೂ (ಫ್ಲ್ಯಾಶ್ ಕೂರಿಸುವ ಜಾಗ) ಹೊಸ ಬಗೆಯದು, ನಡುವಿನ ಹಳೆಯ ಸಂಪರ್ಕ ಬಿಂದು ಅದರಲ್ಲಿಲ್ಲ. ಮನೆಯಲ್ಲಿರುವ ಫ್ಲ್ಯಾಶ್, ಸ್ಟುಡಿಯೊ ಟ್ರಿಗರ್ ತೂರಿಸಿದರೆ ಕೂರುತ್ತದೆ, ಬೆಳಗುವುದಿಲ್ಲ. ಕೆಟ್ಟಿದೆಯೆಂದು ವಾಪಸ್ ಕೊಡುವ ಮೊದಲು ಎಡಿ-ಇ1 ಅಡಾಪ್ಟರ್ ಬೇಕೆಂಬುದು ಗೊತ್ತಿರಲಿ. ಝಡ್50-2ರಲ್ಲಿ ಮಾಮೂಲಿ ಹಾಟ್‌ಶೂ ಇದೆ. ಸಿಂಕ್ ವೇಗ (ಫ್ಲ್ಯಾಶ್ ಜೊತೆ ಸಾಮಾನ್ಯವಾಗಿ ಬಳಸಬಹುದಾದ ಅತಿ ವೇಗದ ಶಟರ್) ಕ್ಯಾನನ್‌ನಲ್ಲಿ 1/250, ನಿಕಾನ್‌ನಲ್ಲಿ 1/200.

ಆರ್50ರಲ್ಲಿ ಪೂರ್ಣ ಮೆಕ್ಯಾನಿಕಲ್ ಶಟರ್ ಇಲ್ಲ, ಶಟರಿನ ಎರಡು ಪರದೆಗಳಲ್ಲಿ ಮೊದಲನೆಯದು ಎಲೆಕ್ಟ್ರಾನಿಕ್. ಬಿಸಿಲಿನಲ್ಲಿ ಎಫ್/1.8, 1/2000ದ ಮೇಲೆ ಭಾವಚಿತ್ರ ತೆಗೆದರೆ ಹಿನ್ನೆಲೆಯ ಬೆಳಕಿನ ಗುಂಡುಗಳ ಒಂದು ಅಂಚು ಕತ್ತರಿಸಿದಂತೆ ಕಾಣಬಹುದು. ಎಫ್/2.8ಕ್ಕೆ ಬನ್ನಿ, ಇಲ್ಲವೇ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ ಶಟರ್ ಇಳಿಸಿ.

ದುಡ್ಡು ತೆಗೆದುಕೊಂಡು ಮದುವೆ ಚಿತ್ರ ಮಾಡುವವರಿಗೆ ಎರಡನ್ನೂ ಹೇಳುವುದಿಲ್ಲ. ಒಂದೇ ಕಾರ್ಡ್, ಅದು ಕೈಕೊಟ್ಟರೆ ಧಾರೆಯ ಮುಹೂರ್ತ ಮತ್ತೆ ಬರುವುದಿಲ್ಲ.

ವಿಡಿಯೊ

ಅಡುಗೆ, ಪಾಠ, ಊರು ತೋರಿಸುವ ವಿಡಿಯೊಗಳಿಗೆ ಆರ್50 ಸಾಕು. ಸೆನ್ಸರಿನ ಪೂರ್ತಿ ಅಗಲದಿಂದ 4ಕೆ 30 ಫ್ರೇಮ್, ವಸ್ತುವನ್ನು ಮುಂದೆ ಹಿಡಿದ ಕೂಡಲೇ ಅದಕ್ಕೆ ಫೋಕಸ್ ಹಾರುವ ಮೋಡ್, ಅಲುಗಾಟ ತಡೆಯುವ ಹಿಡಿಕೆಯಾದ ಗಿಂಬಲ್‌ಗೆ ಹಗುರ. ಹೆಡ್‌ಫೋನ್ ಜಾಕ್ ಇಲ್ಲ, 4ಕೆ 60 ಇಲ್ಲ. ಇವೆರಡೂ ಝಡ್50-2ರಲ್ಲಿವೆ (60 ಫ್ರೇಮ್‌ಗೆ ನೋಟ ಕಿರಿದಾಗುತ್ತದೆ), ಬಣ್ಣ ತಿದ್ದುವವರಿಗೆ 10-ಬಿಟ್ ಎನ್-ಲಾಗ್ (ಆಮೇಲೆ ತಿದ್ದಲೆಂದು ಬಣ್ಣವನ್ನು ಸಪ್ಪೆಯಾಗಿ ದಾಖಲಿಸುವ ಬಗೆ) ಕೂಡ. ಧ್ವನಿಯನ್ನು ಕೇಳಿಕೊಂಡು ದಾಖಲಿಸಬೇಕಾದ ಸಂದರ್ಶನ, ಕಛೇರಿಗಳಿಗೆ ನಿಕಾನ್ ಒಳ್ಳೆಯದು. ನಮ್ಮ ವಿದ್ಯುತ್ 50 ಹರ್ಟ್ಸ್. ಆರ್50ರ ಮೆನುವಿನಲ್ಲಿ ವಿಡಿಯೊ ಪದ್ಧತಿಯನ್ನು ಪಾಲ್‌ಗೆ ಬದಲಿಸಿ, ಯಾವ ಕ್ಯಾಮೆರಾದಲ್ಲೂ 25 ಫ್ರೇಮ್, ಶಟರ್ 1/50 ಇಡಿ. ಟ್ಯೂಬ್‌ಲೈಟಿನ ಮಿಣುಕು ನಿಲ್ಲುತ್ತದೆ.

ಹಳೆಯ ಲೆನ್ಸ್ ಮನೆಯಲ್ಲಿದ್ದರೆ

ಕ್ಯಾನನ್ ಇಎಫ್, ಇಎಫ್-ಎಸ್ ಲೆನ್ಸ್‌ಗಳು ಇಎಫ್-ಇಒಎಸ್ ಆರ್ ಅಡಾಪ್ಟರ್ ಮೂಲಕ ಆಟೊಫೋಕಸ್ ಸಮೇತ ಕೆಲಸ ಮಾಡುತ್ತವೆ. ಇಎಫ್-ಎಂ ಮಾತ್ರ ಕೂರುವುದಿಲ್ಲ. ನಿಕಾನ್‌ನಲ್ಲಿ ಎಚ್ಚರ ಬೇಕು: ಎಫ್‌ಟಿಝಡ್-2 ಅಡಾಪ್ಟರಿನಲ್ಲಿ ಫೋಕಸ್ ಮೋಟಾರ್ ಇಲ್ಲ. ಎಎಫ್-ಎಸ್, ಎಎಫ್-ಪಿ ಲೆನ್ಸ್ ಫೋಕಸ್ ಆಗುತ್ತವೆ; ಬಹಳ ಮನೆಗಳಲ್ಲಿರುವ 50 ಎಂಎಂ ಎಫ್/1.8 ಡಿ ಥರದವನ್ನು ಕೈಯಲ್ಲೇ ತಿರುಗಿಸಬೇಕು.

ಅಂಗಡಿಯಲ್ಲಿ ಹದಿನೈದು ನಿಮಿಷ

ಸ್ವಂತ ಕಾರ್ಡ್ ಒಯ್ಯಿರಿ. ಎರಡೂ ಕಿಟ್ ಲೆನ್ಸ್ ಮಡಚಿಕೊಂಡಿರುತ್ತವೆ, ಜೂಮ್ ಉಂಗುರ ತಿರುಗಿಸಿ ಹೊರತೆಗೆಯದೆ ಚಿತ್ರ ಬರುವುದಿಲ್ಲ. ಅದಕ್ಕೆ ಗಾಬರಿ ಬೇಡ. ನೀವು ಕೊಳ್ಳಬಹುದಾದ ಅತಿ ದೊಡ್ಡ ಲೆನ್ಸ್ ಹಾಕಿಸಿ ಎರಡು ನಿಮಿಷ ಕಣ್ಣಿಗೆ ಹಿಡಿದೇ ಇರಿ. ಕನ್ನಡಕವಿದ್ದರೆ ಹಾಕಿಕೊಂಡೇ ವ್ಯೂಫೈಂಡರಿನ ನಾಲ್ಕು ಮೂಲೆ ಕಾಣುತ್ತದೆಯೇ ನೋಡಿ. ಕಣ್ಣು ತೆಗೆಯದೆ ಶಟರ್, ಅಪರ್ಚರ್ ಎರಡನ್ನೂ ಬದಲಿಸಿ. ಆಮೇಲೆ ರಾ ಮೋಡ್‌ನಲ್ಲಿ ಗುಂಡಿ ಒತ್ತಿಹಿಡಿದು ಓಟ ನಿಧಾನವಾಗುವವರೆಗೆ ಕಿವಿಗೊಡಿ. ಕೊನೆಗೆ ಬಿಳಿ ಗೋಡೆಯನ್ನು ಎಫ್/16ರಲ್ಲಿ ಮಸುಕಾಗಿ ತೆಗೆದು ಹಿಗ್ಗಿಸಿ, ಕಪ್ಪು ಚುಕ್ಕಿ ಕಂಡರೆ ಸೆನ್ಸರಿನಲ್ಲಿ ಧೂಳಿದೆ, ಬೇರೆ ಪೆಟ್ಟಿಗೆ ಕೇಳಿ. ಬಾಡಿ, ಡಬ್ಬಿ, ಬಿಲ್ಲು ಮೂರರಲ್ಲೂ ಕ್ರಮಸಂಖ್ಯೆ ಒಂದೇ ಇರಬೇಕು. ಜಿಎಸ್‌ಟಿ ಬಿಲ್ ಮತ್ತು ಭಾರತದ ವಾರಂಟಿ ಇಲ್ಲದ ಅಗ್ಗದ ಮಾಲು ಬೇಡ.

ಝಡ್50-2ರ ಬೆಲೆ ಹೆಚ್ಚು. ಆ ಅಂತರದ ದುಡ್ಡಿನಲ್ಲಿ ಆರ್50ಕ್ಕೆ 50 ಎಂಎಂ ಎಫ್/1.8 ಸೇರುತ್ತದೆಯೇ ಎಂದು ಕೊಳ್ಳುವ ದಿನದ ಬೆಲೆಯಲ್ಲಿ ಲೆಕ್ಕ ಹಾಕಿ. ಮನೆಮಕ್ಕಳು, ಪ್ರವಾಸ, ಭಾವಚಿತ್ರ ಇಷ್ಟೇ ನಿಮ್ಮ ಲೋಕವಾಗಿದ್ದರೆ ಆ ಜೋಡಿಯೇ ಸರಿ. ತಿಂಗಳಿಗೆ ಎರಡು ಸಲವಾದರೂ ಹಾರುವ ಹಕ್ಕಿಯ ಬೆನ್ನು ಹತ್ತುವವರು ಝಡ್50-2ಕ್ಕೆ ಕಾದು ದುಡ್ಡು ಕೂಡಿಸಿ.

ಕರಾವಳಿ, ಮಲೆನಾಡಿನವರು ಅದೇ ಬಿಲ್ಲಿನಲ್ಲಿ ಗಾಳಿಯಾಡದ ಡಬ್ಬಿ, ತೇವಮಾಪಕ, ಸಿಲಿಕಾ ಜೆಲ್ ಸೇರಿಸಿಕೊಳ್ಳಿ. ಒಳಗಿನ ತೇವ ಶೇ. 40-50ರ ನಡುವೆ ಇರಲಿ. ಚರ್ಮದ ಬ್ಯಾಗಿನಲ್ಲಿ ಮುಚ್ಚಿಟ್ಟ ಲೆನ್ಸಿಗೆ ಒಂದೇ ಮಳೆಗಾಲದಲ್ಲಿ ಬೂಷ್ಟು ಹಿಡಿಯಬಹುದು, ಜೇಡನ ಬಲೆಯಂತೆ ಗಾಜಿನೊಳಗೆ ಹಬ್ಬಿದ ಮೇಲೆ ಒರೆಸಲು ಬರುವುದಿಲ್ಲ.