ಎದುರು ಪಾಳಯದ ಗೆಳೆಯರು: ರಾಜಕೀಯ ಭಿನ್ನಮತದ ನಡುವೆ ಸ್ನೇಹ ಉಳಿಸಿಕೊಳ್ಳುವ ಬಗೆ

ಹತ್ತಾರು ವರ್ಷಗಳ ಗೆಳೆತನ ಒಂದೇ ಚುನಾವಣೆಯ ಕಾವಿನಲ್ಲಿ ಹಳಸಿಹೋಗುವುದು ಈಗ ಅಪರೂಪದ ಸಂಗತಿಯಲ್ಲ. ಅದನ್ನು ತಡೆಯಬೇಕೆಂದಿದ್ದರೆ, ಗೆಳೆಯರೊಂದಿಗೆ ರಾಜಕೀಯ ಮಾತನಾಡುವಾಗ ನಿಮಗೆ ಬೇಕಿರುವುದೇನು ಎಂಬುದನ್ನು ಮೊದಲು ನಿಮ್ಮೊಳಗೆ ಇತ್ಯರ್ಥ ಮಾಡಿಕೊಳ್ಳಬೇಕು. ಅವರ ನಿಲುವನ್ನು ಬದಲಿಸುವುದು ನಿಮ್ಮ ಉದ್ದೇಶವಾಗಿದ್ದರೆ ಪ್ರತಿ ಭೇಟಿಯೂ ಒಂದು ಪರೀಕ್ಷೆಯಾಗುತ್ತದೆ ಮತ್ತು ಬಹುತೇಕ ಸಲ ಆ ಪರೀಕ್ಷೆಯಲ್ಲಿ ಇಬ್ಬರೂ ನಪಾಸಾಗುತ್ತೀರಿ. ಅವರು ಹಾಗೇಕೆ ಯೋಚಿಸುತ್ತಾರೆಂದು ತಿಳಿಯುವುದು, ನೀವೇಕೆ ಹೀಗೆ ಯೋಚಿಸುತ್ತೀರೆಂದು ಅವರಿಗೆ ತಿಳಿಸುವುದು, ಇಷ್ಟಕ್ಕೆ ಗುರಿಯನ್ನು ಇಳಿಸಿಕೊಂಡರೆ ಮಾತು ಮುಂದುವರಿಯಲು ಜಾಗ ಸಿಗುತ್ತದೆ.

‘ರಾಜಕೀಯದ ಮಾತೇ ಎತ್ತಬೇಡಿ’ ಎಂಬುದು ಈ ವಿಷಯದಲ್ಲಿ ಎಲ್ಲರೂ ಕೊಡುವ ಸಲಹೆ. ಕಚೇರಿಯ ಸಹೋದ್ಯೋಗಿಗಳ ಜೊತೆ, ದೂರದ ನೆಂಟರ ಜೊತೆ ಅದು ಸರಿಯೇ. ಆಪ್ತ ಗೆಳೆತನದಲ್ಲಿ ಮಾತ್ರ ಈ ಉಪಾಯ ಹೆಚ್ಚು ದಿನ ನಡೆಯುವುದಿಲ್ಲ. ಇವತ್ತು ಚುನಾವಣೆಯ ಮಾತು ಬೇಡವೆಂದು ಬಿಟ್ಟರೆ ನಾಳೆ ಬೆಲೆಯೇರಿಕೆಯ ಮಾತು, ನಾಡಿದ್ದು ಮಕ್ಕಳ ಶಾಲೆಯ ಪಠ್ಯದ ಮಾತು, ಆಮೇಲೆ ಆ ದಿನದ ಪತ್ರಿಕೆಯ ಮಾತು, ಹೀಗೆ ಬಿಡಬೇಕಾದದ್ದರ ಪಟ್ಟಿ ಬೆಳೆಯುತ್ತಲೇ ಹೋಗಿ, ಕೊನೆಗೆ ಹವಾಮಾನ ಮತ್ತು ಆರೋಗ್ಯದ ವಿಚಾರಣೆಯಷ್ಟೇ ಉಳಿಯುತ್ತದೆ. ಆದ್ದರಿಂದ ಮಾತನಾಡುವುದನ್ನು ಬಿಡುವುದಕ್ಕಿಂತ ಮಾತನಾಡುವ ರೀತಿಯನ್ನು ಬದಲಿಸಿಕೊಳ್ಳುವುದು ಮೇಲು.

ಅದಕ್ಕೂ ಮೊದಲು, ಎದುರು ಪಾಳಯದವರ ಬಗ್ಗೆ ನಿಮ್ಮ ಮನಸ್ಸಿನಲ್ಲಿರುವ ಚಿತ್ರ ಎಷ್ಟರಮಟ್ಟಿಗೆ ನಿಜವೆಂದು ಶಂಕಿಸಿ. ಅಮೆರಿಕದಲ್ಲಿ ಮೋರ್ ಇನ್ ಕಾಮನ್ ಎಂಬ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಡೆಮಾಕ್ರಟಿಕ್ ಮತ್ತು ರಿಪಬ್ಲಿಕನ್ ಬೆಂಬಲಿಗರಿಬ್ಬರೂ ಎದುರು ಪಕ್ಷದವರಲ್ಲಿ ಸುಮಾರು ಶೇ 55ರಷ್ಟು ಮಂದಿ ಅತಿರೇಕದ ನಿಲುವಿನವರೆಂದು ಊಹಿಸಿದ್ದರು. ಅಂಥವರು ಇದ್ದದ್ದು ಸುಮಾರು ಶೇ 30ರಷ್ಟು ಮಾತ್ರ. ರಾಜಕೀಯದಲ್ಲಿ ಮುಳುಗಿದವರಿಗಿಂತ ಅದರತ್ತ ಹೆಚ್ಚು ಗಮನ ಕೊಡದವರ ಊಹೆಯೇ ವಾಸ್ತವಕ್ಕೆ ಹತ್ತಿರವಿತ್ತು ಎಂಬುದು ಅದರ ಸ್ವಾರಸ್ಯ. ನಾವು ಕಣ್ಣಾರೆ ಕಂಡದ್ದೂ ಪೂರ್ತಿ ನಂಬಲರ್ಹವಲ್ಲ. 1951ರಲ್ಲಿ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ ನಡೆದ ಒರಟು ಫುಟ್‌ಬಾಲ್ ಪಂದ್ಯದ ಚಿತ್ರಣವನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿ, ನಿಯಮಭಂಗಗಳನ್ನು ಎಣಿಸುವಂತೆ ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಮನೋವಿಜ್ಞಾನಿಗಳು ಕೇಳಿದ್ದರು. ಡಾರ್ಟ್‌ಮತ್ ಆಟಗಾರರ ತಪ್ಪುಗಳಲ್ಲಿ ಪ್ರಿನ್ಸ್‌ಟನ್‌ನವರಿಗೆ ಕಂಡದ್ದರ ಅರ್ಧದಷ್ಟೂ ಡಾರ್ಟ್‌ಮತ್‌ನವರಿಗೆ ಕಾಣಲಿಲ್ಲ. ಸುಳ್ಳು ಹೇಳುವ ಉದ್ದೇಶ ಅವರಿಗಿತ್ತೆಂದಲ್ಲ, ನೋಡಿದ್ದೇ ಹಾಗೆ. ನಿಮ್ಮ ಗೆಳೆಯರು ‘ಇಷ್ಟು ಸ್ಪಷ್ಟವಾಗಿರುವುದನ್ನು ಬೇಕೆಂದೇ ಒಪ್ಪುತ್ತಿಲ್ಲ’ ಎಂದು ಸಿಟ್ಟು ಬಂದಾಗ ಈ ಪಂದ್ಯವನ್ನು ನೆನಪಿಸಿಕೊಳ್ಳಿ. ನಿಮ್ಮ ಬಗ್ಗೆ ಅವರಿಗೂ ಅದೇ ಸಿಟ್ಟು ಇದ್ದೀತು.

ಇನ್ನು ಮಾತನಾಡುವ ಸ್ಥಳ. ನನ್ನ ಅಭಿಪ್ರಾಯದಲ್ಲಿ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ, ಏಕೆಂದರೆ ಗೆಳೆತನಗಳು ಕೆಡುವುದು ಅಭಿಪ್ರಾಯದಿಂದಲ್ಲ, ಪ್ರೇಕ್ಷಕರಿಂದ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಗೆಳೆಯರೊಬ್ಬರು ಹಾಕಿದ ಸುದ್ದಿಗೆ ನೀವು ಅಲ್ಲೇ ಉತ್ತರ ಕೊಟ್ಟರೆ, ಆ ಉತ್ತರವನ್ನು ಓದುವ ಇಪ್ಪತ್ತು ಮೂವತ್ತು ಮಂದಿಯ ಎದುರು ಅವರು ತಮ್ಮ ಮರ್ಯಾದೆ ಕಾಪಾಡಿಕೊಳ್ಳಬೇಕಾಗುತ್ತದೆ, ಆಮೇಲೆ ನೀವೂ ಅಷ್ಟೇ. ಅಲ್ಲಿಂದ ಮುಂದೆ ಇಬ್ಬರೂ ಬರೆಯುವುದು ಪರಸ್ಪರರಿಗಲ್ಲ, ನೋಡುತ್ತಿರುವವರಿಗೆ. ‘ಇಂಥದ್ದನ್ನೆಲ್ಲ ನಂಬುತ್ತೀಯಲ್ಲ, ಓದಿದವನು ನೀನು!’ ಎಂಬ ಸಾಲನ್ನು ಗುಂಪಿನಲ್ಲಿ ಬೆರಳಚ್ಚಿಸಿದ್ದರೆ ಅಳಿಸಿಬಿಡಿ. ಸುದ್ದಿ ನಿಜಕ್ಕೂ ಸುಳ್ಳಾಗಿದ್ದು, ಹೇಳಲೇಬೇಕೆನಿಸಿದರೆ, ಅವರೊಬ್ಬರಿಗೇ ‘ಬೆಳಿಗ್ಗೆ ನೀನು ಹಾಕಿದ ಚಿತ್ರ ಹಳೆಯದು ಎಂದು ಕಾಣುತ್ತದೆ, ಇದನ್ನೊಮ್ಮೆ ನೋಡು, ಉಳಿದದ್ದು ಸಿಕ್ಕಾಗ ಮಾತಾಡೋಣ’ ಎಂದು ಕಳುಹಿಸಿ. ಗುಂಪಿನಲ್ಲಿ ತಿದ್ದಿ ಹಾಕುವ ಅವಕಾಶ ಆಗ ಅವರ ಕೈಯಲ್ಲೇ ಉಳಿಯುತ್ತದೆ. ಅವರು ಹಾಕದೇ ಇದ್ದರೂ ನೀವು ಹಾಕಲು ಹೋಗಬೇಡಿ. ಸುಳ್ಳೊಂದು ಹಾಗೇ ಉಳಿಯಿತೆಂಬ ಕಿರಿಕಿರಿಯನ್ನು ಸಹಿಸುವುದು ಕಷ್ಟವೆಂಬುದನ್ನು ಒಪ್ಪುತ್ತೇನೆ. ಯಾರದಾದರೂ ಪ್ರಾಣಕ್ಕೋ ಆರೋಗ್ಯಕ್ಕೋ ಹಾನಿ ತರುವ ಸುಳ್ಳಾದರೆ ಮಾತು ಬೇರೆ.

ಎದುರು ಬದುರು ಕೂತಾಗ ಕೇಳುವ ಪ್ರಶ್ನೆಯಲ್ಲೂ ಜಾಣತನ ಬೇಕು. ‘ಏಕೆ’ ಎಂದು ಕೇಳಿದರೆ ಜನ ಕಾರಣಗಳನ್ನು ಪೇರಿಸುತ್ತಾರೆ, ಪೇರಿಸಿದಷ್ಟೂ ತಮ್ಮ ನಿಲುವು ಅವರಿಗೆ ಗಟ್ಟಿಯಾಗಿ ಕಾಣುತ್ತದೆ. ಫಿಲಿಪ್ ಫರ್ನ್‌ಬಾಕ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತೆರಿಗೆಯಂಥ ನೀತಿಯೊಂದು ಹಂತ ಹಂತವಾಗಿ ಹೇಗೆ ಕೆಲಸ ಮಾಡುತ್ತದೆಂದು ವಿವರಿಸಲು ಕೇಳಿದಾಗ, ಜನರಿಗೆ ತಮ್ಮ ತಿಳಿವಳಿಕೆಯ ಬಗ್ಗೆ ಇದ್ದ ಭರವಸೆ ತಗ್ಗಿತು, ನಿಲುವಿನ ತೀವ್ರತೆಯೂ ಇಳಿಯಿತು. ಕಾರಣಗಳನ್ನಷ್ಟೇ ಕೇಳಿದಾಗ ಹಾಗಾಗಲಿಲ್ಲ. ನಂತರದ ಮರುಪ್ರಯೋಗಗಳಲ್ಲಿ ಭರವಸೆ ತಗ್ಗುತ್ತದೆಂಬ ಫಲಿತಾಂಶ ನಿಂತಷ್ಟು ಗಟ್ಟಿಯಾಗಿ ನಿಲುವಿನ ತೀವ್ರತೆ ಇಳಿಯುತ್ತದೆಂಬುದು ನಿಂತಿಲ್ಲವಾದ್ದರಿಂದ ಇದನ್ನು ವಶೀಕರಣದ ಮಂತ್ರವೆಂದು ತಿಳಿಯಬೇಡಿ. ಆದರೂ, ‘ತೆರಿಗೆ ಇಳಿಸಿದರೆ ಉದ್ಯೋಗ ಹೆಚ್ಚುತ್ತದೆ’ ಎಂದ ಗೆಳೆಯರನ್ನು ‘ಅದು ನಡೆಯುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳು, ಉಳಿದ ದುಡ್ಡು ಮೊದಲು ಯಾರ ಕೈಗೆ ಹೋಗುತ್ತದೆ, ಅವರು ಏನು ಮಾಡುತ್ತಾರೆ?’ ಎಂದು ಕೇಳಿದರೆ ಜಗಳ ವಿಚಾರ ವಿನಿಮಯವಾಗಿ ಮಾರ್ಪಡುತ್ತದೆ. ಕೇಳುವ ದನಿಯಲ್ಲಿ ಕೊಂಕಿರಬಾರದು. ಅದೇ ಪ್ರಶ್ನೆಯನ್ನು ಅವರು ನಿಮ್ಮ ನಿಲುವಿನ ಬಗ್ಗೆ ಕೇಳಿದಾಗ ತಡವರಿಸಬೇಕಾದೀತು, ಅದಕ್ಕೂ ಸಿದ್ಧರಾಗಿರಿ.

ಗಣಿತಜ್ಞ ಅನಾಟೊಲ್ ರಾಪೊಪೋರ್ಟ್ ವಾದಗಳಿಗೆಂದು ಸೂಚಿಸಿದ ಒಂದು ಕ್ರಮವೂ ಇಲ್ಲಿ ಒದಗುತ್ತದೆ. ಎದುರಾಳಿಯ ನಿಲುವನ್ನು ಆತನಿಗೇ ಒಪ್ಪಿಗೆಯಾಗುವಂತೆ ನಿಮ್ಮ ಬಾಯಿಂದ ಹೇಳಿ ತೋರಿಸಿದ ಮೇಲೆಯೇ ನಿಮ್ಮ ಆಕ್ಷೇಪಣೆ ಎತ್ತಬೇಕು ಎಂಬುದು ಅದರ ತಿರುಳು. ಮಾಡಿ ನೋಡಿದರೆ ಇದರ ಕಷ್ಟ ಗೊತ್ತಾಗುತ್ತದೆ. ‘ಹಾಗಾದರೆ ಬಡವರು ಸಾಯಲಿ ಎನ್ನುತ್ತೀಯಾ?’ ಎಂಬುದು ಗೆಳೆಯರ ನಿಲುವಲ್ಲ, ನಿಮ್ಮ ಕೋಪ. ‘ಸರ್ಕಾರ ಕೊಡುವ ನೆರವು ಮಧ್ಯವರ್ತಿಗಳ ಪಾಲಾಗುತ್ತದೆ, ಅದಕ್ಕಿಂತ ಜನರೇ ದುಡಿದು ಗಳಿಸುವ ಅವಕಾಶ ಹೆಚ್ಚಲಿ ಎಂಬುದು ನಿನ್ನ ಅಭಿಪ್ರಾಯ, ಸರಿಯೇ?’ ಎಂದರೆ ಅವರು ‘ಹೌದು, ಅದೇ’ ಎಂದು ತಲೆಯಾಡಿಸುತ್ತಾರೆ. ಮಾತು ಶುರುವಾಗುವುದು ಆ ‘ಹೌದು’ವಿನ ನಂತರ.

ಭಿನ್ನಾಭಿಪ್ರಾಯವನ್ನು ಮುಚ್ಚಿಡದೆಯೂ ಸ್ನೇಹ ಉಳಿಯಬಲ್ಲದು ಎಂಬುದಕ್ಕೆ ಇತಿಹಾಸದಲ್ಲಿ ಒಳ್ಳೆಯ ಸಾಕ್ಷಿಗಳಿವೆ. 1934ರ ಜನವರಿಯಲ್ಲಿ ಬಿಹಾರದಲ್ಲಿ ಭೂಕಂಪವಾದಾಗ, ಅದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯೆಂದು ಗಾಂಧೀಜಿ ಹೇಳಿದರು. ರವೀಂದ್ರನಾಥ ಟ್ಯಾಗೋರ್ ಅವರಿಗೆ ಈ ಮಾತು ಸಹಿಸಲಾಗಲಿಲ್ಲ. ನಿಸರ್ಗದ ಘಟನೆಗೆ ನೈತಿಕ ಕಾರಣ ಹಚ್ಚುವುದು ಜನರ ವಿವೇಚನೆಗೆ ಅಪಾಯಕಾರಿ ಎಂದು ಅವರು ಬರೆದರು. ಆ ಟೀಕೆಯನ್ನು ಗಾಂಧೀಜಿ ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚು ಹಾಕಿಸಿ, ಜೊತೆಗೆ ತಮ್ಮ ಉತ್ತರವನ್ನೂ ಕೊಟ್ಟರು. ಇಬ್ಬರೂ ಪಟ್ಟು ಬಿಡಲಿಲ್ಲ. ಎರಡು ವರ್ಷಗಳ ನಂತರ, 1936ರಲ್ಲಿ, ಎಪ್ಪತ್ತು ದಾಟಿದ ಕವಿ ತಮ್ಮ ವಿದ್ಯಾಸಂಸ್ಥೆಯಾದ ವಿಶ್ವಭಾರತಿಗೆ ಹಣ ಕೂಡಿಸಲು ಕಲಾತಂಡದೊಂದಿಗೆ ಊರೂರು ಸುತ್ತುತ್ತಿರುವುದನ್ನು ಕಂಡು, ಅವರಿಗೆ 60,000 ರೂಪಾಯಿ ದೊರಕುವಂತೆ ಮಾಡಿ ಆ ಅಲೆದಾಟದಿಂದ ಬಿಡುಗಡೆ ಕೊಡಿಸಿದವರು ಇದೇ ಗಾಂಧೀಜಿ. ಗೆಳೆಯರ ವಾದವನ್ನು ಒಪ್ಪದಿರುವುದಕ್ಕೂ ಅವರ ಕಷ್ಟಕ್ಕೆ ಒದಗುವುದಕ್ಕೂ ಯಾವ ವಿರೋಧವೂ ಇಲ್ಲ. ಒಪ್ಪದಿರುವಾಗಲೇ ಒದಗುವುದರ ತೂಕ ಹೆಚ್ಚು.

ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾಗಿದ್ದ ಆಂಟನಿನ್ ಸ್ಕಲಿಯಾ ಮತ್ತು ರೂತ್ ಬೇಡರ್ ಗಿನ್ಸ್‌ಬರ್ಗ್ ಅವರ ಗೆಳೆತನ ಇನ್ನೊಂದು ಬಗೆಯದು. ಸಂವಿಧಾನದ ವ್ಯಾಖ್ಯಾನದಲ್ಲಿ ಅವರು ಎರಡು ಧ್ರುವಗಳಂತಿದ್ದರೂ ಒಪೆರಾದ ಹುಚ್ಚು ಇಬ್ಬರಿಗೂ ಇತ್ತು, ಎರಡೂ ಕುಟುಂಬಗಳು ಹೊಸ ವರ್ಷದ ಹಿಂದಿನ ರಾತ್ರಿ ಒಟ್ಟಿಗೆ ಊಟ ಮಾಡುತ್ತಿದ್ದವು. 1996ರಲ್ಲಿ ವರ್ಜೀನಿಯಾದ ಸೇನಾ ಶಿಕ್ಷಣ ಸಂಸ್ಥೆಗೆ ಮಹಿಳೆಯರ ಪ್ರವೇಶದ ಪ್ರಕರಣದಲ್ಲಿ ಗಿನ್ಸ್‌ಬರ್ಗ್ ಬಹುಮತದ ತೀರ್ಪು ಬರೆಯುತ್ತಿದ್ದಾಗ, ಸ್ಕಲಿಯಾ ತಮ್ಮ ಕಟುವಾದ ಭಿನ್ನಮತದ ಕರಡನ್ನು ಮುಂಚಿತವಾಗಿಯೇ ಅವರ ಕೈಗಿತ್ತರು. ತಮ್ಮ ವಾರಾಂತ್ಯ ಹಾಳಾದರೂ ತೀರ್ಪು ಅದರಿಂದ ಉತ್ತಮವಾಯಿತೆಂದು ಗಿನ್ಸ್‌ಬರ್ಗ್ ಆಮೇಲೆ ಹೇಳುತ್ತಿದ್ದರು. ಇದರಿಂದ ನಾವು ತೆಗೆದುಕೊಳ್ಳಬಹುದಾದದ್ದು ಎರಡು: ಬೆನ್ನ ಹಿಂದಿನ ಟೀಕೆಗಿಂತ ಮುಂಚಿತವಾಗಿ ಮುಖಕ್ಕೇ ಹೇಳುವುದು ಲೇಸು, ಮತ್ತು ರಾಜಕೀಯಕ್ಕೆ ಸಂಬಂಧವೇ ಇಲ್ಲದ ಆಸಕ್ತಿಯೊಂದನ್ನು ಜೊತೆಯಾಗಿ ನಡೆಸಿಕೊಂಡು ಬರಬೇಕು. ಸಂಗೀತವೋ, ಚದುರಂಗವೋ, ಬೆಳಗಿನ ನಡಿಗೆಯೋ, ಯಾವುದಾದರೂ ಸರಿ. ಸಂಬಂಧ ಬಿಸಿಯಾದಾಗ ಮೊದಲು ನಿಂತುಹೋಗುವುದು ಇಂಥ ರೂಢಿಗಳೇ, ಅದನ್ನು ನಿಲ್ಲಿಸಬೇಡಿ.

ಫಲಿತಾಂಶದ ದಿನದ ಬಗ್ಗೆ ಒಂದು ಮಾತು. ಗೆದ್ದ ಕಡೆಯವರು ನೀವಾಗಿದ್ದರೆ ಆ ದಿನ ಗೆಳೆಯರಿಗೆ ನಗೆಚಿತ್ರ ಕಳುಹಿಸಬೇಡಿ, ‘ಹೇಗಿತ್ತು?’ ಎಂದು ಫೋನ್ ಮಾಡಬೇಡಿ, ಸಮಾಧಾನವನ್ನೂ ಹೇಳಬೇಡಿ, ಏಕೆಂದರೆ ಗೆದ್ದವರ ಸಮಾಧಾನ ಸೋತವರ ಕಿವಿಗೆ ಗೇಲಿಯಂತೆಯೇ ಕೇಳುತ್ತದೆ. ಸೋತವರು ನೀವಾಗಿದ್ದರೆ, ಮತ ಹಾಕಿದ ಜನರೆಲ್ಲ ಮೂರ್ಖರೆಂದು ಬರೆಯುವ ಮುನ್ನ ಆ ‘ಜನ’ದಲ್ಲಿ ನಿಮ್ಮ ಗೆಳೆಯರೂ ಒಬ್ಬರೆಂಬುದು ನೆನಪಿರಲಿ.

ಎಲ್ಲ ಸ್ನೇಹಗಳನ್ನೂ ಏನಾದರೂ ಮಾಡಿ ಉಳಿಸಿಕೊಳ್ಳಲೇಬೇಕೆಂಬ ಬೋಧನೆಯನ್ನು ನಾನು ಒಪ್ಪುವುದಿಲ್ಲ. ತೆರಿಗೆ ಎಷ್ಟಿರಬೇಕು, ಯಾವ ಪಕ್ಷ ಆಳಬೇಕು, ಯಾವ ಕಾನೂನು ಬೇಕು ಎಂಬುದು ಒಂದು ಬಗೆಯ ಭಿನ್ನಮತ; ನೀವು ಅಥವಾ ನಿಮ್ಮ ಮನೆಯವರು ಹುಟ್ಟಿದ ಸಮುದಾಯದ ಕಾರಣಕ್ಕೆ ಸಮಾನರಲ್ಲ ಎನ್ನುವುದು ಬೇರೆಯೇ ಬಗೆಯದು. ಎರಡನೆಯದರಲ್ಲಿ ಸಹನೆಯ ಹೊರೆಯೆಲ್ಲ ಅವಮಾನಕ್ಕೆ ಗುರಿಯಾದವರ ಹೆಗಲಿಗೇ ಬೀಳುತ್ತದೆ, ಅದನ್ನು ಹೊರಲೇಬೇಕೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಗೆಳೆಯರು ನಿಜವಾಗಿ ಹೇಳಿದ್ದೇನು, ಅವರ ಪಕ್ಷದ ಯಾರೋ ಹೇಳಿದ್ದೇನು ಎಂಬುದನ್ನು ಬೇರ್ಪಡಿಸದೆ ಈ ತೀರ್ಮಾನಕ್ಕೆ ಬರಬೇಡಿ. ಅನುಮಾನವಿದ್ದರೆ ನೇರವಾಗಿ ಕೇಳಿ.

ಆಗಲೇ ಮಾತು ಬಿಟ್ಟಿದ್ದರೆ ಮತ್ತೆ ಶುರು ಮಾಡುವುದು ಹೇಗೆ? ಅಮೆರಿಕದ ಎರಡನೆಯ ಅಧ್ಯಕ್ಷ ಜಾನ್ ಆ್ಯಡಮ್ಸ್ 1800ರ ಚುನಾವಣೆಯಲ್ಲಿ ಹಳೆಯ ಗೆಳೆಯ ಥಾಮಸ್ ಜೆಫರ್ಸನ್ ಅವರಿಗೆ ಸೋತರು, ಅಧಿಕಾರ ಹಸ್ತಾಂತರದ ಸಮಾರಂಭಕ್ಕೂ ನಿಲ್ಲದೆ ಊರು ಬಿಟ್ಟರು. ಇಬ್ಬರಿಗೂ ಬೇಕಾಗಿದ್ದ ವೈದ್ಯ ಬೆಂಜಮಿನ್ ರಶ್ ವರ್ಷಗಟ್ಟಲೆ ಅತ್ತಲೂ ಇತ್ತಲೂ ಬರೆದು ಒಲಿಸಿದ ಮೇಲೆ, 1812ರ ಜನವರಿ 1ರಂದು ಆ್ಯಡಮ್ಸ್ ಒಂದು ಚಿಕ್ಕ ಕಾಗದ ಬರೆದರು. ಅದರಲ್ಲಿ ಹಳೆಯ ಚುನಾವಣೆಯ ಲೆಕ್ಕ ಚುಕ್ತಾ ಮಾಡುವ ಮಾತೇ ಇರಲಿಲ್ಲ. ಮನೆಯಲ್ಲಿ ನೇಯ್ದ ಬಟ್ಟೆಯ ಎರಡು ತುಂಡು ಕಳುಹಿಸುತ್ತಿದ್ದೇನೆ ಎಂಬ ತಮಾಷೆಯಿತ್ತು. ಪೊಟ್ಟಣದಲ್ಲಿದ್ದದ್ದು ಮಗ ಬರೆದ ಪುಸ್ತಕದ ಎರಡು ಸಂಪುಟಗಳು. ಪೊಟ್ಟಣ ಕೈ ಸೇರುವ ಮೊದಲೇ ಉತ್ತರಕ್ಕೆ ಕೂತ ಜೆಫರ್ಸನ್ ತಮಾಷೆ ತಿಳಿಯದೆ ತಮ್ಮ ಸೀಮೆಯ ನೇಯ್ಗೆಯ ಬಗ್ಗೆ ಗಂಭೀರವಾಗಿ ಬರೆದರು. ಹಾಗೆ ಮತ್ತೆ ಮೊದಲಾದ ಪತ್ರವ್ಯವಹಾರ ಇಬ್ಬರೂ 1826ರ ಜುಲೈ 4ರಂದು ತೀರಿಕೊಳ್ಳುವ ವರ್ಷದವರೆಗೂ ನಡೆಯಿತು, ಭಿನ್ನಾಭಿಪ್ರಾಯಗಳ ಚರ್ಚೆ ಅದರಲ್ಲಿ ಬಂದದ್ದು ಮಾತು ಹದಕ್ಕೆ ಬಂದ ಮೇಲೆ.

ನಿಮ್ಮ ಮೊದಲ ಸಂದೇಶವೂ ಅಷ್ಟೇ ಚಿಕ್ಕದಾಗಿರಲಿ. ‘ಆವತ್ತು ನಾನು ಹೇಳಿದ್ದೇ ಸರಿ, ಆದರೂ…’ ಎಂಬ ಪೀಠಿಕೆ ಬೇಡ. ಇಬ್ಬರಿಗೂ ಪ್ರಿಯವಾದ ಯಾವುದೋ ಒಂದರ ಪ್ರಸ್ತಾಪ ಸಾಕು. ನೇರವಾಗಿ ಬರೆಯಲು ಸಂಕೋಚವಾದರೆ ಇಬ್ಬರಿಗೂ ಬೇಕಾದವರೊಬ್ಬರನ್ನು ನಡುವೆ ಇರಿಸಿಕೊಳ್ಳಿ. ಉತ್ತರ ಬಾರದಿದ್ದರೆ ಕೆಲವು ವಾರ ಬಿಡಿ, ಬೆನ್ನು ಬೆನ್ನಿಗೆ ಬರೆಯಬೇಡಿ. ಉತ್ತರ ಬಂದರೆ, ಮೊದಲ ಭೇಟಿಯಲ್ಲಿ ರಾಜಕೀಯದ ಮಾತನ್ನು ಅವರೇ ಎತ್ತುವವರೆಗೆ ಎತ್ತಬೇಡಿ.