ಸಹಿ ಆಮೇಲೆ, ಮೊದಲು ಲಕೋಟೆ ನೋಡಿ

ನನ್ನ ಹತ್ತಿರ ಜಾನ್ ಎಫ್. ಕೆನಡಿ ಸಹಿ ಇರುವ ಒಂದು ಪತ್ರವಿದೆ. ಸಹಿ ಅವರದೇ ಅಂತ ಎರಡು ವರ್ಷ ನಂಬಿಕೊಂಡಿದ್ದೆ. ಒಂದು ದಿನ ಅದೇ ಕಾಲದ ಇನ್ನೊಂದು ಕೆನಡಿ ಪತ್ರದ ಚಿತ್ರ ಸಿಕ್ಕಿತು. ಅದನ್ನು ಅದೇ ಅಳತೆಗೆ ಪ್ರಿಂಟ್ ತೆಗೆದು, ಎರಡನ್ನೂ ಒಂದರ ಮೇಲೊಂದು ಇಟ್ಟು ಕಿಟಕಿ ಗಾಜಿಗೆ ಒತ್ತಿ ಹಿಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಹೊಟ್ಟೆಯೊಳಗೆ ತಣ್ಣಗಾಯಿತು.

ಯಾಕೆ ಅಂದರೆ, ಮನುಷ್ಯನ ಕೈಯಿಂದ ಎರಡು ಸಹಿ ಅಚ್ಚು ಹೊಡೆದ ಹಾಗೆ ಒಂದೇ ತರ ಬರುವುದಿಲ್ಲ. ಬೇಕಾದರೆ ಈಗಲೇ ಒಂದು ಹಾಳೆ ತೆಗೆದುಕೊಂಡು ಹತ್ತು ಸಲ ಸಹಿ ಹಾಕಿ ನೋಡಿ. ಒಂದೇ ತರ ಬಂದಿದೆ ಅಂದರೆ ಅದು ಆಟೋಪೆನ್, ಅಂದರೆ ಸಹಿ ಹಾಕುವ ಯಂತ್ರ. ಕೆನಡಿ ಕಚೇರಿಯಲ್ಲಿ ಇದರ ಬಳಕೆ ಧಾರಾಳವಾಗಿತ್ತು. ಸಾಲದ್ದಕ್ಕೆ ಕಾರ್ಯದರ್ಶಿಗಳೂ ಅವರ ಹೆಸರು ಬರೆಯುತ್ತಿದ್ದರು.

ಅದಕ್ಕೇ ಅಮೆರಿಕ ಅಧ್ಯಕ್ಷರ ಸಹಿ ಸಂಗ್ರಹಿಸಬೇಕು ಅನ್ನುವವರಿಗೆ ನಾನು ಹೇಳುವುದು, ಹಳೆಯ ಅಂಚೆಯಿಂದ ಶುರು ಮಾಡಿ.

ಸಹಿಯೇ ಸ್ಟಾಂಪ್

ಅಮೆರಿಕದಲ್ಲಿ ಸರ್ಕಾರದ ಅಂಚೆಚೀಟಿ ಬಂದದ್ದು 1847ರಲ್ಲಿ. ಅಧ್ಯಕ್ಷರಿಗೆ ಅದಕ್ಕೂ ಮೊದಲೇ ಪುಕ್ಕಟೆ ಅಂಚೆಯ ಹಕ್ಕಿತ್ತು. ಪತ್ರದ ಹೊರಮೈ ಮೇಲೆ 'ಫ್ರೀ' ಅಂತ ಬರೆದು ಹೆಸರು ಹಾಕಿದರೆ ಮುಗಿಯಿತು, ದುಡ್ಡಿಲ್ಲದೆ ಹೋಗುತ್ತಿತ್ತು. ಇದಕ್ಕೆ ಫ್ರೀ ಫ್ರಾಂಕ್ ಅನ್ನುತ್ತಾರೆ. ನಮ್ಮ ಸರ್ಕಾರಿ ಖಾಕಿ ಕವರ್‌ಗೆ ಸರ್ವಿಸ್ ಸ್ಟಾಂಪ್ ಅಂಟಿಸುತ್ತಿದ್ದರಲ್ವಾ? ಅಲ್ಲಿ ಆ ಸ್ಟಾಂಪಿನ ಕೆಲಸವನ್ನು ಸಹಿಯೇ ಮಾಡುತ್ತಿತ್ತು. ಜೆಫರ್ಸನ್, ಮ್ಯಾಡಿಸನ್ ಮುಂತಾದವರಿಗೆ ಕುರ್ಚಿ ಬಿಟ್ಟ ಮೇಲೂ ಈ ಹಕ್ಕು ಉಳಿಯಿತು. 1800ರಲ್ಲಿ ವಾಷಿಂಗ್ಟನ್ ಅವರ ಪತ್ನಿ ಮಾರ್ಥಾ ಅವರಿಗೂ ಕೊಟ್ಟರು. 1873ರ ಜುಲೈ 1ರಿಂದ ಈ ಪುಕ್ಕಟೆ ವ್ಯವಸ್ಥೆ ನಿಂತಿತು. ಆಗ ಅಧ್ಯಕ್ಷರಾಗಿದ್ದವರು ಗ್ರಾಂಟ್.

ಪುಸ್ತಕದಿಂದಲೋ ಪತ್ರದಿಂದಲೋ ಕತ್ತರಿಸಿದ ಸಹಿ ತುಂಡು ಸುಮ್ನೆ ಒಂದು ಹೆಸರು, ಅಷ್ಟೇ. ಫ್ರಾಂಕ್ ಹಾಗಲ್ಲ. ಅದರ ಸುತ್ತ ಊರಿನ ಮುದ್ರೆ ಇದೆ, ವಿಳಾಸ ಇದೆ, ಮೇಣದ ಗುರುತಿದೆ. ಸಹಿ ಸುಳ್ಳು ಹೇಳಿದರೆ ಇವುಗಳಲ್ಲಿ ಯಾವುದೋ ಒಂದು ಹಿಡಿದುಕೊಡುತ್ತದೆ.

ಓದುವುದು ಹೀಗೆ

ಆ ಕಾಲದಲ್ಲಿ ಬೇರೆ ಲಕೋಟೆ ಅಪರೂಪ. ಬರೆದ ಹಾಳೆಯನ್ನೇ ಮಡಚಿ, ಮೇಣ ಹಾಕಿ, ಹೊರಗೆ ವಿಳಾಸ ಬರೆಯುತ್ತಿದ್ದರು. ಫ್ರಾಂಕ್ ಸಾಮಾನ್ಯವಾಗಿ ಮೇಲಿನ ಬಲಮೂಲೆಯಲ್ಲಿ, ಈಗ ನಾವು ಸ್ಟಾಂಪ್ ಅಂಟಿಸುವ ಜಾಗದಲ್ಲಿ ಇರುತ್ತದೆ. ಊರಿನ ಮುದ್ರೆಯಲ್ಲಿ ತಿಂಗಳು, ದಿನ ಸಿಗುತ್ತದೆ. ಇಸವಿ ಮಾತ್ರ ಹೆಚ್ಚಾಗಿ ಇರುವುದಿಲ್ಲ. ಗಾಬರಿ ಬೇಡ. ಪತ್ರ ಪಡೆದವರು ಅಂಚಿನಲ್ಲಿ 'ಇಂಥವರಿಂದ, ಇಂಥ ದಿನ' ಅಂತ ಸಣ್ಣಗೆ ಬರೆದಿಟ್ಟುಕೊಳ್ಳುವ ರೂಢಿ ಇತ್ತು. ಇಸವಿ ಅಲ್ಲಿ ಹುಡುಕಿ.

ಆಮೇಲೆ ಕೇಳಬೇಕಾದ್ದು ಒಂದೇ ಪ್ರಶ್ನೆ: ಆ ದಿನ ಆ ಮನುಷ್ಯ ಆ ಊರಲ್ಲಿ ಇದ್ದನಾ? ಜೆಫರ್ಸನ್ ವಿಷಯದಲ್ಲಿ ಇದು ಸಲೀಸು. ಪುಣ್ಯಾತ್ಮ 1783ರಿಂದ 1826ರವರೆಗೆ ತಾನು ಬರೆದ ಮತ್ತು ತನಗೆ ಬಂದ ಪತ್ರಗಳ ಪಟ್ಟಿ ಇಟ್ಟಿದ್ದರು. ನಿಮ್ಮ ಕೈಲಿರುವ ಫ್ರಾಂಕ್‌ನ ತಾರೀಕು, ವಿಳಾಸದಲ್ಲಿರುವ ಹೆಸರು ಎರಡನ್ನೂ ಅದರ ಜೊತೆ ತಾಳೆ ನೋಡಬಹುದು.

ಸಹಿಯನ್ನು ಹೋಲಿಸಲು ದುಡ್ಡು ಖರ್ಚು ಮಾಡಬೇಕಿಲ್ಲ. ವಾಷಿಂಗ್ಟನ್, ಜೆಫರ್ಸನ್, ಲಿಂಕನ್ ಅವರ ಕಾಗದಪತ್ರಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್ ಆನ್‌ಲೈನ್‌ನಲ್ಲಿ ಇಟ್ಟಿದೆ. ಅದೇ ವರ್ಷದ ಐದಾರು ಸಹಿ ಪ್ರಿಂಟ್ ತೆಗೆದುಕೊಳ್ಳಿ. ಲಿಂಕನ್ ಪತ್ರಗಳಿಗೆ 'ಎ. ಲಿಂಕನ್' ಅಂತಲೂ, ಸರ್ಕಾರಿ ದಾಖಲೆಗಳಿಗೆ ಪೂರ್ತಿ ಹೆಸರೂ ಬರೆಯುತ್ತಿದ್ದರು. ಇಂಥ ಅಭ್ಯಾಸಗಳು ಕಣ್ಣಿಗೆ ಕೂರಬೇಕು.

ಕಾಗದ ಹಳೆಯದು ಅಂದ ಮಾತ್ರಕ್ಕೆ ನಂಬಬೇಡಿ. 19ನೇ ಶತಮಾನದಲ್ಲಿ ರಾಬರ್ಟ್ ಸ್ಪ್ರಿಂಗ್ ಅನ್ನುವವನು ಹಳೆಯ ಪುಸ್ತಕಗಳ ಖಾಲಿ ಹಾಳೆಯ ಮೇಲೆ ವಾಷಿಂಗ್ಟನ್ ಸಹಿ ಬರೆದು ಮಾರಿದ. 20ನೇ ಶತಮಾನದಲ್ಲಿ ಜೋಸೆಫ್ ಕೋಸಿ ಲಿಂಕನ್ ಕೈಬರಹವನ್ನೇ ಕಲಿತುಬಿಟ್ಟಿದ್ದ. ನಾನು ಭೂತಗನ್ನಡಿ ಹಿಡಿದು ಮೊದಲು ನೋಡುವುದು ಮಡಿಕೆಯನ್ನು. ಮಡಿಕೆ ಸವೆದು ನಾರು ಎದ್ದಿರುವ ಕಡೆ ಶಾಯಿ ಹೀರಿ ಹರಡಿದ್ದರೆ, ಕಾಗದ ಹಳೆಯದಾದ ಮೇಲೆ ಯಾರೋ ಬರೆದಿದ್ದಾರೆ ಅಂತ ಅರ್ಥ.

ಪತ್ರ ಬಿಟ್ಟು ಬೇರೆಯದು ಬೇಕೆಂದರೆ

ಚರ್ಮದ ಹಾಳೆಯ ಮೇಲಿನ ಜಮೀನು ಮಂಜೂರಾತಿ ಪತ್ರಗಳು ಚೆನ್ನಾಗಿರುತ್ತವೆ, ಮನ್ರೋ, ಜಾನ್ ಕ್ವಿನ್ಸಿ ಆಡಮ್ಸ್ ಕಾಲದವು. ಆದರೆ ತಾರೀಕು ನೋಡಿ. 1833ರ ಮಾರ್ಚ್‌ನಲ್ಲಿ ಕಾನೂನು ಬದಲಾಗಿ, ಅಧ್ಯಕ್ಷರ ಪರವಾಗಿ ಕಾರ್ಯದರ್ಶಿ ಸಹಿ ಹಾಕುವುದು ಶುರುವಾಯಿತು. ಆಮೇಲಿನ ಪತ್ರದಲ್ಲಿ 'ಆಂಡ್ರೂ ಜಾಕ್ಸನ್' ಅಂತ ಇದ್ದರೂ ಕೈ ಬೇರೆಯವರದು. ಆಂಡ್ರೂ ಜಾನ್ಸನ್ ಅವರದು ಇನ್ನೊಂದು ಕಥೆ. ಬಲಗೈಗೆ ಪೆಟ್ಟಾಗಿದ್ದರಿಂದ ಅವರು ಎಷ್ಟೋ ಕಡೆ ರಬ್ಬರ್ ಸ್ಟಾಂಪಿನ ತರಹದ ಸಹಿಮುದ್ರೆ ಒತ್ತುತ್ತಿದ್ದರು. ಇನ್ನು ವಿಲಿಯಂ ಹೆನ್ರಿ ಹ್ಯಾರಿಸನ್ 1841ರಲ್ಲಿ ಅಧ್ಯಕ್ಷರಾಗಿದ್ದದ್ದೇ 31 ದಿನ. ಆ ದಿನಗಳ ಸಹಿ ಕಡಿಮೆ ಬೆಲೆಗೆ ಸಿಕ್ಕರೆ ಕೈ ಮುಗಿದು ಮುಂದೆ ಹೋಗಿ.

ಕೊಳ್ಳುವಾಗ ಮಾರುವವರನ್ನು ಎರಡೇ ವಿಷಯ ಕೇಳಿ. ಇದು ನಿಮಗೆ ಎಲ್ಲಿಂದ ಬಂತು? ನಕಲಿ ಅಂತಾದರೆ, ಎಷ್ಟೇ ದಿನವಾಗಿದ್ದರೂ ದುಡ್ಡು ವಾಪಸ್ ಕೊಡ್ತೀರಾ? 'ಅಸಲಿ ಪ್ರಮಾಣಪತ್ರ' ಮುಂದೆ ಹಿಡಿದರೆ ಮರುಳಾಗಬೇಡಿ, ಪ್ರಿಂಟರ್ ಇರುವ ಯಾರು ಬೇಕಾದರೂ ಅದನ್ನು ಮಾಡಬಹುದು. ನನ್ನ ಕೆನಡಿಯ ಜೊತೆಗೂ ಬಂಗಾರದ ಅಂಚಿನದು ಒಂದು ಬಂದಿತ್ತು. ಅಂಚೆ ಲಕೋಟೆಗಳನ್ನು ಪರೀಕ್ಷಿಸಿ ಅಭಿಪ್ರಾಯ ಕೊಡುವ, ನ್ಯೂಯಾರ್ಕಿನ ಫಿಲಾಟೆಲಿಕ್ ಫೌಂಡೇಷನ್‌ನಂಥ ಸಂಸ್ಥೆಗಳಿವೆ. ದೊಡ್ಡ ಮೊತ್ತವಾದರೆ ಅವರಿಗೆ ತೋರಿಸದೆ ಕೊಳ್ಳಬೇಡಿ. ಗ್ರಂಥಾಲಯದ ಮುದ್ರೆ ಅಥವಾ ಅದನ್ನು ಉಜ್ಜಿ ತೆಗೆದ ಗುರುತು ಕಂಡರೆ ಕದ್ದ ಮಾಲಿರಬಹುದು. ಕಳೆದುಹೋದ ದಾಖಲೆಗಳ ಪಟ್ಟಿಯನ್ನು ಅಮೆರಿಕದ ನ್ಯಾಷನಲ್ ಆರ್ಕೈವ್ಸ್ ಪ್ರಕಟಿಸುತ್ತದೆ, ಒಮ್ಮೆ ಕಣ್ಣಾಡಿಸಿ.

ಮನೆಗೆ ತಂದ ಮೇಲೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಮಾರ್ಕ್ಸ್ ಕಾರ್ಡಿಗೆ ಮಾಡಿಸಿದ ಅಭ್ಯಾಸ ನಮಗೆ ಜಾಸ್ತಿ! ಸೆಲ್ಲೋಟೇಪ್ ಬೇಡ, ಪಿವಿಸಿ ಆಲ್ಬಂ ಬೇಡ, ಹಾಲ್ ಗೋಡೆಯ ಬಿಸಿಲೂ ಬೇಡ. ಆಮ್ಲವಿಲ್ಲದ ಕಾಗದದ ಮೇಲಿಟ್ಟು ಪಾಲಿಯೆಸ್ಟರ್ ಕವರಿನೊಳಗೆ ಹಾಕಿ. ಮಳೆಗಾಲದಲ್ಲಿ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇರಲಿ. ಎಲ್ಲಿ ಕೊಂಡದ್ದು, ಯಾವತ್ತು, ಎಷ್ಟಕ್ಕೆ ಅನ್ನುವುದನ್ನು ಬೇರೆ ಹಾಳೆಯಲ್ಲಿ ಪೆನ್ಸಿಲ್‌ನಿಂದ ಬರೆದು, ಬಿಲ್ ಜೊತೆ ಇನ್ನೊಂದು ಕವರಿನಲ್ಲಿಡಿ.