ಮಾಸಿದ ಐವತ್ತು ಪುಟ

ನನ್ನ ಮುಸ್‌ಹಫ್‌ನ (ಖುರ್‌ಆನ್ ಪ್ರತಿಯ) ಮೊದಲ ಐವತ್ತು ಪುಟಗಳ ಅಂಚು ಬೆರಳು ತಾಗಿ ತಾಗಿ ಮಾಸಿತ್ತು. ಆಮೇಲಿನವು ಅಂಗಡಿಯಿಂದ ತಂದ ಹಾಗೇ ಇದ್ದವು, ಕೆಲವು ಒಂದಕ್ಕೊಂದು ಅಂಟಿಕೊಂಡೂ ಇದ್ದವು. ಪ್ರತಿ ರಮಝಾನ್‌ನಲ್ಲಿ ಇಡೀ ಖುರ್‌ಆನ್ ಓದಿ ಮುಗಿಸಲು ಹುರುಪಿನಿಂದ ಶುರು ಮಾಡುವುದು, ಎರಡನೇ ಅಧ್ಯಾಯವಾದ ಸೂರಾ ಅಲ್‌ಬಕರದಲ್ಲಿ ಸುಸ್ತಾಗುವುದು. 286 ಆಯತ್ (ವಚನ), 48 ಪುಟ!

ರಮಝಾನ್ ಲೆಕ್ಕ ಕಾಗದದ ಮೇಲೆ ಚಂದವೇ. ಖುರ್‌ಆನ್‌ನ 30 ಜುಝ್ (ಭಾಗ), 30 ದಿನ. ಜುಝ್‌ಗೆ 20 ಪುಟ, ಐದು ನಮಾಝಿಗೆ ನಾಲ್ಕು ನಾಲ್ಕು. ಆದರೆ ನಾನಿರುವುದು ಮಂಗಳೂರಿನ ಒಂದು ಬಟ್ಟೆ ಅಂಗಡಿಯಲ್ಲಿ. ಹಬ್ಬದ ವ್ಯಾಪಾರದಲ್ಲಿ ಇಳಿಹೊತ್ತಿನ ಅಸರ್ ನಮಾಝಿಗೆ ಓಡಿ ಹೋಗಿ ಬರುವುದೇ ದೊಡ್ಡದು. ಎರಡು ದಿನ ತಪ್ಪಿದರೆ 40 ಪುಟ ಸಾಲ. ಸಾಲ ಬೆಳೆದ ಮೇಲೆ ಖುರ್‌ಆನ್ ಇಟ್ಟ ಕಪಾಟಿನ ಕಡೆ ನೋಡಲಿಕ್ಕೇ ಮುಜುಗರ.

ಹಾಗಾಗಿ ಹೋದ ವರ್ಷ ಹಬ್ಬ ಕಳೆದ ಮೇಲೆ, ಗಡಿಬಿಡಿ ಇಲ್ಲದಾಗ ಶುರು ಮಾಡಿದೆ. ಮೊದಲು ಮೊಬೈಲ್‌ನಲ್ಲಿ ಸಮಯ ನೋಡಿದೆ. ನನ್ನದು ನಿಧಾನದ ಓದು, 15 ಸಾಲಿನ ಒಂದು ಪುಟಕ್ಕೆ ಮೂರು ನಿಮಿಷ. ದಿನಕ್ಕೆ 10 ಪುಟ ಅಂದರೆ ಅರ್ಧ ಗಂಟೆ. ಬೆಳಗಿನ ನಮಾಝ್ ಸುಬಹಿಗೆ ಐದು, ಸೂರ್ಯಾಸ್ತದ ಮಗ್ರಿಬ್‌ಗೆ ಮೂರು, ರಾತ್ರಿಯ ಇಶಾ ನಂತರ ಎರಡು. ಮಧ್ಯಾಹ್ನದ ಲುಹರ್, ಅಸರ್ ಲೆಕ್ಕಕ್ಕೇ ಇಲ್ಲ. ನನ್ನದು ಮದೀನಾ ಮುದ್ರಣದ ಮುಸ್‌ಹಫ್, ಅದರಲ್ಲಿ ಪ್ರತಿ ಪುಟ ಆಯತ್ ಮುಗಿಯುವಲ್ಲೇ ಮುಗಿಯುತ್ತದೆ, ಅರ್ಧಕ್ಕೆ ನಿಲ್ಲಿಸುವ ತಾಪತ್ರಯವಿಲ್ಲ. ಶುಕ್ರವಾರ ಸೂರಾ ಅಲ್‌ಕಹಫ್ ಓದುವ ದಿನ, ಅವತ್ತು ಅದಷ್ಟೇ. ವಾರಕ್ಕೆ 60 ಪುಟ ಆಯಿತು. ಒಟ್ಟು 604 ಪುಟಕ್ಕೆ ಹೆಚ್ಚುಕಡಿಮೆ ಹತ್ತು ವಾರ ಸಾಕು.

ಇನ್ನೊಂದು ನಿಯಮ: ತಪ್ಪಿದ್ದು ತಪ್ಪಿತು. ಮರುದಿನ 20 ಓದಬಾರದು, ಹತ್ತೇ. ಇಡೀ ಯೋಜನೆಯಲ್ಲಿ ನನ್ನನ್ನು ಉಳಿಸಿದ್ದು ಇದೇ.

ಜೊತೆಗೇ ಕನ್ನಡ ಅನುವಾದವನ್ನೂ ಓದಲು ಹೋಗಿ ನಾಲ್ಕನೇ ದಿನಕ್ಕೇ ಕೈಸೋತೆ. ಅದನ್ನು ಭಾನುವಾರ ಬೆಳಗ್ಗೆಗೆ ತಳ್ಳಿದೆ. ಆ ವಾರ ಓದಿದ್ದರಲ್ಲಿ ಮನಸ್ಸಿಗೆ ತಾಗಿದ ಒಂದು ಭಾಗದ ಅರ್ಥ ಮಾತ್ರ.

ಎಡವಿದ್ದು ಉಮ್ಮನ ಮನೆಯಲ್ಲಿ. ಅಲ್ಲಿರುವುದು ಪೊನ್ನಾನಿ ಲಿಪಿಯ (ಕೇರಳ ಕಡೆಯ ಅರಬಿ ಬರಹದ ಶೈಲಿ) ಹಳೇ ಮುದ್ರಣ. ಪುಟ ಸಂಖ್ಯೆ ಹೊಂದುವುದಿಲ್ಲ. ನಾನೋ ಪುಟ ಮಾತ್ರ ನೆನಪಿಟ್ಟುಕೊಂಡು ಹೋಗಿದ್ದೆ. ಎಲ್ಲಿಂದ ಓದಬೇಕೆಂದು ಹುಡುಕುತ್ತಾ ಕೂತಿದ್ದಾಗ ಉಮ್ಮ ನಕ್ಕರು, "ಮೋನೆ, ಸೂರಾ ಹೆಸರು ಬರೆದಿಡಬಾರದಾ?" ಅಂದಿನಿಂದ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಆಯಾ ದಿನದ ಚೌಕದೊಳಗೆ ಸೂರಾ, ಆಯತ್ ಸಂಖ್ಯೆ ಗೀಚುತ್ತೇನೆ. ಖಾಲಿ ಚೌಕಗಳೂ ಇವೆ. ಮಗಳಿಗೆ ಜ್ವರ ಬಂದ ವಾರ ಪೂರ್ತಿ ಖಾಲಿ.

ಹತ್ತು ವಾರದ ಲೆಕ್ಕ ಹದಿಮೂರಕ್ಕೆ ಹೋಯಿತು. ಪರವಾಗಿಲ್ಲ. ತಿಂಗಳಿಗೊಮ್ಮೆ ಮುಗಿಸು ಎಂದು ಪ್ರವಾದಿಯವರು ಹೇಳಿದಾಗ, ಇನ್ನೂ ಬೇಗ ಓದಬಲ್ಲೆ ಎಂದು ಅವರ ಸಂಗಾತಿ ಅಬ್ದುಲ್ಲಾ ಬಿನ್ ಅಮ್ರ್ ಪಟ್ಟು ಹಿಡಿದು ಏಳು ದಿನಕ್ಕೆ ಇಳಿಸಿಕೊಂಡಿದ್ದರಂತೆ. ವಯಸ್ಸಾದ ಮೇಲೆ, ಪ್ರವಾದಿಯವರು ಮೊದಲು ಕೊಟ್ಟ ಆ ರಿಯಾಯಿತಿ ಒಪ್ಪಿಕೊಳ್ಳಬೇಕಿತ್ತು ಅಂದುಕೊಂಡರಂತೆ. ನಾನು ರಿಯಾಯಿತಿ ಮೊದಲೇ ತೆಗೆದುಕೊಂಡೆ, ಅಲ್ವಾ!

ಕೊನೆಯ ಜುಝ್‌ನಲ್ಲಿ 37 ಸೂರಾ. ಹೆಚ್ಚಿನವು ಮದ್ರಸದಲ್ಲೇ ಬಾಯಿಪಾಠ ಆದವು, ಓಡಿದ್ದೇ ಗೊತ್ತಾಗಲಿಲ್ಲ. ಕೊನೆಯದಾದ ಸೂರಾ ಅನ್ನಾಸ್ ಮುಗಿದ ಕೂಡಲೇ ವಾಡಿಕೆಯಂತೆ ಮತ್ತೆ ಮೊದಲ ಸೂರಾ ಫಾತಿಹಾ, ಅಲ್‌ಬಕರದ ಮೊದಲ ಐದು ಆಯತ್ ಓದಿ ದುಆ (ಪ್ರಾರ್ಥನೆ) ಮಾಡಿದೆ. ಮರುದಿನ ಸುಬಹಿಗೆ ಆರನೇ ಆಯತ್‌ನಿಂದ ಶುರು.